ಬರೋಡದ ವೇತನ, ದೇವನಹಳ್ಳಿಯ ಅರ್ಜಿ

ಹಿಂಸೆಗೆ ಗುರಿಯಾದ ವಿದ್ಯಾರ್ಥಿ ಹೊರದೇಶದಲ್ಲಿ ಓದು ಮುಂದುವರಿಸಲೆಂದು ಕೊಡುವ ವೇತನ ಎಂದೊಡನೆ ಯುದ್ಧದ ನಾಡುಗಳಿಂದ ಬಂದ ನಿರಾಶ್ರಿತರೇ ನೆನಪಾಗುತ್ತಾರೆ. ನಮ್ಮಲ್ಲಿ ಅದರ ಚರಿತ್ರೆಯನ್ನು ಜಾತಿಯಿಂದ ಶುರುಮಾಡಬೇಕು. 1913ರಲ್ಲಿ ಬರೋಡದ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವೇತನ ಕೊಟ್ಟು ಅಂಬೇಡ್ಕರರನ್ನು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಕಳಿಸಿದರು. 1917ರಲ್ಲಿ ವೇತನ ಮುಗಿದು, ಅಲ್ಲಿಂದ ಲಂಡನ್ನಿಗೆ ಹೋಗಿ ಶುರುಮಾಡಿದ್ದ ಓದು ಅರ್ಧಕ್ಕೆ ನಿಂತಿತು. ವೇತನದ ಕರಾರಿನಂತೆ ಬರೋಡದಲ್ಲಿ ನೌಕರಿಗೆ ಸೇರಿದರೆ ಇರಲು ಒಂದು ಕೋಣೆ ಸಿಗಲಿಲ್ಲ. ಜಾತಿ ಮುಚ್ಚಿಟ್ಟು ಸೇರಿಕೊಂಡಿದ್ದ ಪಾರ್ಸಿ ವಸತಿಗೃಹಕ್ಕೆ ದೊಣ್ಣೆ ಹಿಡಿದವರು ಬಂದು ಜಾಗ ಖಾಲಿಮಾಡಿಸಿದರು. ಕೊಲಂಬಿಯಾದಲ್ಲಿ ಓದಿ ಬಂದವರ ಪಾಡು ಇದಾಗಿದ್ದರೆ, ಆ ವೇತನವನ್ನು ಜಾಣ ಹುಡುಗನಿಗೆ ಸಂದ ಬಹುಮಾನ ಎನ್ನುವುದು ಸಾಲದು. ಓದಲು ಬಿಡದ ನೆಲದಿಂದ ಓದನ್ನು ಉಳಿಸಿಕೊಂಡ ದಾರಿ ಅದು.

ಸಂವಿಧಾನವಿದೆ, ಕಾಯಿದೆಗಳಿವೆ, ಈ ದೇಶದ ಪ್ರಜೆಯನ್ನು ನಿರಾಶ್ರಿತರ ಸಾಲಿಗೆ ಸೇರಿಸುವುದು ಅತಿಯಲ್ಲವೇ ಎಂದು ಕೇಳುವವರಿದ್ದಾರೆ. ಹೊಸಕೋಟೆ ದಾಟಿದರೆ ಸಿಗುವ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಜೀವಂತ ಸುಟ್ಟಾಗಲೂ ಕಾಯಿದೆಗಳಿದ್ದವು. ಹಿಂದುಳಿದವರಿಗೆ ವಿಶೇಷ ಅವಕಾಶ ಕೊಟ್ಟರೆ ಅರ್ಹತೆ ಕೆಡುತ್ತದೆ ಎಂಬ ಆಕ್ಷೇಪ ಇನ್ನೂ ಹಳೆಯದು. ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರ ಪಾಲನ್ನು ಪರಿಶೀಲಿಸಲು 1918ರಲ್ಲಿ ಮೈಸೂರು ಸರ್ಕಾರ ಮಿಲ್ಲರ್ ಸಮಿತಿ ನೇಮಿಸಿದಾಗ ದಿವಾನ್ ವಿಶ್ವೇಶ್ವರಯ್ಯನವರ ಆತಂಕವೂ ಅದೇ ಆಗಿತ್ತು. ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ನೆರವಿನಿಂದಲೇ. ಅವರ ಪ್ರತಿಭೆ ದೊಡ್ಡದು. ಆ ಪ್ರತಿಭೆಗೂ ಸರ್ಕಾರದ ಹಣ ಬೇಕಾಯಿತು ಎಂಬುದನ್ನು ಮರೆಯಬಾರದು.

ಸ್ವಾತಂತ್ರ್ಯದ ನಂತರ, 1954–55ರಲ್ಲಿ, ಪರಿಶಿಷ್ಟರು ಹೊರದೇಶದಲ್ಲಿ ಓದಲೆಂದು ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಬಂತು. ಈಚೆಗೆ ಅದೇ ಉದ್ದೇಶದ, ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆಯೂ ಬಂದಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಐದರಲ್ಲೊಬ್ಬರಿಗಿಂತ ಹೆಚ್ಚು ಮಂದಿ ಪರಿಶಿಷ್ಟ ಜಾತಿಯವರು. ಈ ಜಿಲ್ಲೆಯ ದೇವನಹಳ್ಳಿ, ನೆಲಮಂಗಲ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಅಂತರರಾಷ್ಟ್ರೀಯ ವಿಮಾನ ನಿಲ್ದಾಣ 2008ರಿಂದ ದೇವನಹಳ್ಳಿಯಲ್ಲೇ ಇದೆ. ಆದರೂ ಇಲ್ಲಿನ ಕೂಲಿ ಮನೆಯ ಹುಡುಗಿಗೆ ಹೊರದೇಶ ದೂರವೇ. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸುವುದು ಹೇಗೋ ಆಗುತ್ತದೆ. ವೇತನಕ್ಕೆ ಮೊದಲು ವಿದೇಶಿ ವಿಶ್ವವಿದ್ಯಾಲಯದ ಪ್ರವೇಶಪತ್ರ ಬೇಕು, ಅದಕ್ಕೂ ಮೊದಲು ಇಂಗ್ಲಿಷ್ ಪರೀಕ್ಷೆಯ ಶುಲ್ಕ, ಅರ್ಜಿ ಶುಲ್ಕ ಕೈಯಿಂದ ಹಾಕಬೇಕು. ಹಣವಿಲ್ಲದವರಿಗೆಂದು ಮಾಡಿದ ಯೋಜನೆಯ ಹೊಸ್ತಿಲಲ್ಲೇ ಹಣ ಕೇಳುವುದು ಅನ್ಯಾಯ.

ಇದಕ್ಕಿಂತ ನೋಯಿಸುವುದು ಸಾಗರೋತ್ತರ ವೇತನಕ್ಕೆ ಕೇಂದ್ರ ಹೊರಡಿಸಿದ 2022ರ ಮಾರ್ಗಸೂಚಿ. ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಸಮಾಜದ ಮೇಲಿನ ಅಧ್ಯಯನಕ್ಕೆ ಈ ವೇತನವಿಲ್ಲ ಎಂದು ಅದು ಹೇಳಿತು. ಅಂಥ ವಿಷಯ ಇಲ್ಲೇ ಓದಬಹುದಲ್ಲ ಎಂಬ ವಾದದಲ್ಲಿ ಒಂದಿಷ್ಟು ಹುರುಳಿದೆ: ಆಕರಗಳು ಇಲ್ಲಿವೆ, ಜನರೂ ಇಲ್ಲಿದ್ದಾರೆ. ಆದರೆ ಜಾತಿಯನ್ನು ಅದರ ಹಿಡಿತದಾಚೆ ನಿಂತು ನೋಡಲು ಬೇಕಾದ ನಿರ್ಭಯ ಇಲ್ಲಿ ಎಲ್ಲರಿಗೂ ಸಿಕ್ಕಿಲ್ಲ. 1916ರ ಮೇ ತಿಂಗಳಲ್ಲಿ, ಬರೋಡದ ವೇತನದ ಮೇಲಿದ್ದಾಗಲೇ, ಅಂಬೇಡ್ಕರರು ಕೊಲಂಬಿಯಾದ ವಿಚಾರಗೋಷ್ಠಿಯಲ್ಲಿ ಓದಿದ ಪ್ರಬಂಧದ ವಿಷಯ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆ. 2022ರ ಮಾರ್ಗಸೂಚಿಯಡಿ ಆ ವಿಷಯದ ಸಂಶೋಧನೆಗೆ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ.