ಗಲೋರ್ (ಪದ)

ಗಲೋರ್ ಎಂಬುದು 'ಹೇರಳ', 'ಯಥೇಚ್ಛ' ಎಂಬರ್ಥದ ಇಂಗ್ಲಿಷ್ ಗುಣವಾಚಕ. ಇದು 17ನೆಯ ಶತಮಾನದಲ್ಲಿ ಐರಿಷ್ ಭಾಷೆಯ 'ಗು ಲ್ಯೋರ್' ಎಂಬ ಪದಗುಚ್ಛದಿಂದ ಬಂದಿತು. ಐರಿಷ್‌ನಲ್ಲಿ ಅದಕ್ಕೆ 'ಸಾಕಷ್ಟು', 'ಬಹಳ' ಎಂಬ ಎರಡೂ ಅರ್ಥಗಳುಂಟು. ಇಂಗ್ಲಿಷಿನಲ್ಲಿ ಉಳಿದುದು ಎರಡನೆಯದು. ಕನ್ನಡದ 'ಬೇಕಾದಷ್ಟು' ಎಂಬ ಮಾತೂ ಅಗತ್ಯದ ಅಳತೆಯನ್ನು ಹೇಳುತ್ತಲೇ ಸಮೃದ್ಧಿಯನ್ನು ಸೂಚಿಸುವುದನ್ನು ಇಲ್ಲಿ ನೆನೆಯಬಹುದು.

ಬಳಕೆಯಲ್ಲಿ ಎಚ್ಚರ ಅಗತ್ಯ. ಈ ಪದ ಸದಾ ನಾಮಪದದ ನಂತರವೇ ಬರುತ್ತದೆ: 'ಮ್ಯಾಂಗೋಸ್ ಗಲೋರ್' ಸರಿ, 'ಗಲೋರ್ ಮ್ಯಾಂಗೋಸ್' ತಪ್ಪು. ಕನ್ನಡದಲ್ಲಿ ವಿಶೇಷಣ ಮೊದಲು ಬರುವುದರಿಂದ ನಮ್ಮ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಪದಕ್ಕೆ ಆಡುಮಾತಿನ ಲವಲವಿಕೆಯಿದೆ. ಜಾಹೀರಾತಿಗೆ ಒಪ್ಪುತ್ತದೆ, ಅರ್ಜಿಗಲ್ಲ. ಅಲ್ಲಿ 'ಪ್ಲೆಂಟಿಫುಲ್' ಅಥವಾ 'ಅಬಂಡಂಟ್' ಯುಕ್ತ.

ಕಾಂಪ್ಟನ್ ಮೆಕೆಂಜಿಯವರ 1947ರ ಕಾದಂಬರಿ 'ವಿಸ್ಕಿ ಗಲೋರ್' ಮತ್ತು ಅದನ್ನಾಧರಿಸಿದ 1949ರ ಚಲನಚಿತ್ರದ ಶೀರ್ಷಿಕೆಯಲ್ಲಿಯೂ ಇದೇ ಪದಕ್ರಮವಿದೆ.