ಪೆರುಂಗುಡಿಯವರೆಗೆ ಬಂದ ಬೊಜ್ಜಿನ ಶಸ್ತ್ರಚಿಕಿತ್ಸೆ

ಬೊಜ್ಜು ಕರಗಿಸಲು ಶಸ್ತ್ರಚಿಕಿತ್ಸೆ ಮಾಡುವ ಪದ್ಧತಿ 1950ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. 1954ರಲ್ಲಿ ಮಿನ್ನೆಸೋಟದ ವೈದ್ಯರು ವರದಿ ಮಾಡಿದ ವಿಧಾನದಲ್ಲಿ ಸಣ್ಣ ಕರುಳಿನ ಬಹುಭಾಗಕ್ಕೆ ಆಹಾರವೇ ತಲುಪುತ್ತಿರಲಿಲ್ಲ. ತೂಕ ಇಳಿಯುತ್ತಿತ್ತು, ಆದರೆ ಭೇದಿ ನಿಲ್ಲುತ್ತಿರಲಿಲ್ಲ. ಕೆಲವರ ಯಕೃತ್ತೂ ಕೆಡುತ್ತಿತ್ತು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಜಠರದ ಮೇಲ್ಭಾಗವನ್ನು ಚಿಕ್ಕ ಚೀಲವಾಗಿ ಬೇರ್ಪಡಿಸಿ ಕರುಳಿಗೆ ಜೋಡಿಸಿದರು. ಇದೇ ಗ್ಯಾಸ್ಟ್ರಿಕ್ ಬೈಪಾಸ್. ಆಗೆಲ್ಲ ಹೊಟ್ಟೆಯನ್ನು ಉದ್ದಕ್ಕೆ ಸೀಳಬೇಕಿತ್ತು. ದಪ್ಪ ದೇಹದಲ್ಲಿ ಅಂಥ ಗಾಯ ಕೀವಾಗುವುದು, ಮುಂದೆ ಹರ್ನಿಯಾ ಆಗುವುದು ಸಾಮಾನ್ಯವಾಗಿತ್ತು.

ಈ ತೊಡಕನ್ನು ಕಡಿಮೆ ಮಾಡಿದ್ದು ಚಿಕ್ಕ ರಂಧ್ರಗಳಿಂದಲೇ ಶಸ್ತ್ರಚಿಕಿತ್ಸೆ ಮಾಡುವ ಲ್ಯಾಪರೋಸ್ಕೋಪಿ. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಟೆಹೆಮ್ಟನ್ ಉದ್ವಾಡಿಯ ಈ ವಿಧಾನದಲ್ಲಿ ಪಿತ್ತಕೋಶ ತೆಗೆದರು. 1994ರಲ್ಲಿ ಅಮೆರಿಕದ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಬೈಪಾಸನ್ನೂ ರಂಧ್ರಗಳ ಮೂಲಕವೇ ಮಾಡಿದ್ದನ್ನು ಪ್ರಕಟಿಸಿದರು. ತಮಿಳುನಾಡಿನಲ್ಲಿ ಇದಕ್ಕೆ ಬೇರು ಕೊಟ್ಟವರಲ್ಲಿ ಕೊಯಮತ್ತೂರಿನ ಸಿ. ಪಳನಿವೇಲು ಪ್ರಮುಖರು. ಅವರ ಜೆಮ್ ಆಸ್ಪತ್ರೆ ಮುಂದೆ ಚೆನ್ನೈನ ಐ.ಟಿ. ಕಾರಿಡಾರಿನ ಪೆರುಂಗುಡಿಯಲ್ಲಿ ಶಾಖೆ ತೆರೆಯಿತು.

ಈಗ ಹೆಚ್ಚು ನಡೆಯುವುದು ಜಠರವನ್ನು ಕಿರಿದಾಗಿಸುವ ಸ್ಲೀವ್ ಶಸ್ತ್ರಚಿಕಿತ್ಸೆ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಉಬ್ಬಿಸಿ, ನಾಲ್ಕೈದು ರಂಧ್ರಗಳಿಂದ ಕ್ಯಾಮೆರಾ ಮತ್ತು ಉಪಕರಣ ತೂರಿಸುತ್ತಾರೆ. ಬಾಯಿಯಿಂದ ಜಠರಕ್ಕೆ ಇಳಿಸಿದ, ಸುಮಾರು 12 ಮಿ.ಮೀ. ದಪ್ಪದ ಕೊಳವೆಯ ಗುಂಟ ಸ್ಟೇಪ್ಲರ್ ಒತ್ತುತ್ತಾ ಹೋಗುತ್ತಾರೆ. ಅದು ಒಂದೇ ಸಲಕ್ಕೆ ಕತ್ತರಿಸಿ ಹೊಲಿಯುತ್ತದೆ. ಜಠರದ ಮುಕ್ಕಾಲು ಭಾಗ ಬೇರಾಗಿ, ಒಂದು ರಂಧ್ರದಿಂದಲೇ ಹೊರಬರುತ್ತದೆ.

ಈ ಶಸ್ತ್ರಚಿಕಿತ್ಸೆಗೂ ಸಕ್ಕರೆ ಕಾಯಿಲೆಗೂ ಇರುವ ನಂಟು ತಿಳಿದದ್ದು ತಡವಾಗಿ. ಬೈಪಾಸ್ ಆದ ಬಹುಪಾಲು ಮಧುಮೇಹಿಗಳ ರಕ್ತದ ಸಕ್ಕರೆ ಹತೋಟಿಗೆ ಬಂದದ್ದನ್ನು 1995ರಲ್ಲಿ ಶಸ್ತ್ರವೈದ್ಯ ವಾಲ್ಟರ್ ಪೋರಿಸ್ ವರದಿ ಮಾಡಿದರು. ಎಷ್ಟೋ ಜನರಲ್ಲಿ ತೂಕ ಇಳಿಯುವ ಮೊದಲೇ ಸಕ್ಕರೆ ಇಳಿದಿತ್ತು. ಆಹಾರ ಕರುಳಿನ ಕೆಳಭಾಗಕ್ಕೆ ಬೇಗ ತಲುಪಿದಾಗ ಇನ್ಸುಲಿನ್ ಹೆಚ್ಚಿಸುವ ಜಿಎಲ್‌ಪಿ-1 ಹಾರ್ಮೋನು ಏರುವುದು ಇದಕ್ಕೊಂದು ಕಾರಣ. ವೈದ್ಯ ಎಂ. ವಿಶ್ವನಾಥನ್ 1948ರಲ್ಲೇ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಮಧುಮೇಹ ಚಿಕಿತ್ಸಾಲಯ ತೆರೆದಿದ್ದ ಚೆನ್ನೈಗೆ ಇದು ಮುಖ್ಯ ಸುದ್ದಿ. ಭಾರತೀಯರಿಗೆ ಕಡಿಮೆ ತೂಕದಲ್ಲೇ ಟೈಪ್ 2 ಮಧುಮೇಹ ಬರುತ್ತದೆ. ಅದಕ್ಕೇ 2016ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಔಷಧಕ್ಕೆ ಸಕ್ಕರೆ ಬಗ್ಗದಿದ್ದರೆ ಏಷ್ಯಾದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 27.5ರಿಂದಲೇ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದಿತು.

ಈಚೆಗೆ ಹೊರಗೆ ರಂಧ್ರವನ್ನೇ ಕೊರೆಯದೆ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಜಠರವನ್ನು ಒಳಗಿಂದ ಹೊಲಿದು ಕಿರಿದಾಗಿಸುವ ವಿಧಾನವೂ ಬಂದಿದೆ. ಗಾಯ ಚಿಕ್ಕದಾಯಿತೆಂದು ಅಪಾಯ ಪೂರ್ತಿ ಹೋಗಿಲ್ಲ: ಸ್ಲೀವಿನ ಹೊಲಿಗೆ ಸೋರಬಹುದು, ವರ್ಷಗಳ ಮೇಲೆ ಸಕ್ಕರೆ ಮರಳಬಹುದು. ಬೈಪಾಸ್ ಮತ್ತು ಸ್ಲೀವ್ ಮಾಡಿಸಿಕೊಂಡವರು ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂಗಳ ತಪಾಸಣೆಯನ್ನು ಜೀವನಪೂರ್ತಿ ಮಾಡಿಸುತ್ತಿರಬೇಕು.