ಕೆಂಪು ಗುಳಿಗೆ ಬಂದ ದಾರಿ

ಸೀಮಂತದ ಹೊತ್ತಿಗೆ ಬಸುರಿಯ ಮೈಗೆ ಕಬ್ಬಿಣದ ಹಸಿವು ಜೋರಾಗುತ್ತದೆ. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ ಒಂದು ಮಿಲಿಗ್ರಾಂ ಕಬ್ಬಿಣವೂ ಬೇಡದ ಮೈ ಕೊನೆಯ ಮೂರು ತಿಂಗಳಲ್ಲಿ ದಿನಕ್ಕೆ ಆರೇಳು ಮಿಲಿಗ್ರಾಂ ಹೀರಿಕೊಳ್ಳಬೇಕಾಗುತ್ತದೆ. ಒಂಬತ್ತು ತಿಂಗಳ ಒಟ್ಟು ಲೆಕ್ಕ ಹತ್ತಿರ ಹತ್ತಿರ 1000 ಮಿಲಿಗ್ರಾಂ. ಅದರಲ್ಲಿ 300 ಚಿಲ್ಲರೆ ಕೂಸಿಗೂ ಮಾಸಿಗೂ ಹೋದರೆ, ಅರ್ಧದಷ್ಟು ತಾಯಿಯ ಮೈಯಲ್ಲಿ ಹೊಸದಾಗಿ ಹುಟ್ಟುವ ಕೆಂಪು ರಕ್ತಕಣಗಳಿಗೆ ಬೇಕು. ಕೂಸು ತನ್ನ ಪಾಲಿನ ಬಹುಭಾಗವನ್ನು ಎಳೆದುಕೊಳ್ಳುವುದು ಕೊನೆಯ ಮೂರು ತಿಂಗಳಲ್ಲೇ. ತಾಯಿಯ ಕಣಜ ಮೊದಲೇ ಬರಿದಾಗಿದ್ದರೆ ಆಗ ಅವಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಕೂತಲ್ಲೇ ಸುಸ್ತು. ಇನ್ನು ಹೆರಿಗೆಯಲ್ಲಿ ರಕ್ತ ಹೋದರೆ, ಬೇರೆಯವರು ತಡೆದುಕೊಳ್ಳುವಷ್ಟು ನಷ್ಟವೇ ಅವಳ ಜೀವಕ್ಕೆ ಎರವಾಗಬಹುದು.

ಇದಕ್ಕೆ ಮದ್ದು ಬಹಳ ಹಿಂದೆಯೇ ಗೊತ್ತಿತ್ತು. ಚರಕಸಂಹಿತೆಯ ಪಾಂಡುರೋಗದ ಅಧ್ಯಾಯದಲ್ಲಿ ನವಾಯಸ ಚೂರ್ಣವಿದೆ, ಕಬ್ಬಿಣದ ಕಿಟ್ಟದಿಂದ ಮಾಡುವ ಮಂಡೂರದ ವಟಕಗಳಿವೆ. ಬಿಳುಚಿಕೊಂಡ ಮೈಗೆ ಕಬ್ಬಿಣ ಕೊಡಬೇಕೆಂದು ವೈದ್ಯರು ಅನುಭವದಿಂದಲೇ ಕಂಡುಕೊಂಡಿದ್ದರು. ಯುರೋಪಿನಲ್ಲಿ 17ನೇ ಶತಮಾನದ ಇಂಗ್ಲಿಷ್ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ಬಿಳುಚಿದ ಹೆಣ್ಣುಮಕ್ಕಳಿಗೆ ಕಬ್ಬಿಣವನ್ನೇ ಹೇಳುತ್ತಿದ್ದ. 1832ರಲ್ಲಿ ದಕ್ಷಿಣ ಫ್ರಾನ್ಸಿನ ಬೋಕೇರ್ ಎಂಬ ಊರಿನ ವೈದ್ಯ ಪಿಯೇರ್ ಬ್ಲೋ ಫೆರಸ್ ಸಲ್ಫೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಬೆರೆಸಿದ ಗುಳಿಗೆಯ ವಿವರ ಪ್ರಕಟಿಸಿದ. ಗುಳಿಗೆಗಳ ಸಂಖ್ಯೆಯನ್ನು ದಿನೇ ದಿನೇ ಏರಿಸುತ್ತಾ ಹೋಗಬೇಕೆಂಬುದು ಅವನ ಪದ್ಧತಿ. ರೋಗಿಗಳು ಬೇಗ ಚೇತರಿಸಿಕೊಂಡರು. 'ಬ್ಲೋ ಗುಳಿಗೆ' ಮುಂದೆ ನೂರು ವರ್ಷ ಔಷಧದಂಗಡಿಗಳಲ್ಲಿ ಉಳಿಯಿತು.

ಆಮೇಲೆ ನಡೆದದ್ದು ಬೇಸರದ ಕಥೆ. 1880ರ ದಶಕದಲ್ಲಿ ಗುಸ್ತಾವ್ ಫಾನ್ ಬುಂಗೆ ಎಂಬ ಪ್ರಭಾವಿ ವಿಜ್ಞಾನಿ, ಲವಣರೂಪದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಇಳಿಯುವುದೇ ಇಲ್ಲವೆಂದು ವಾದಿಸಿದ. ಎಡಿನ್‌ಬರೋದ ರಾಲ್ಫ್ ಸ್ಟಾಕ್‌ಮನ್ 1893ರಲ್ಲಿ ಕಬ್ಬಿಣವನ್ನು ಚರ್ಮದಡಿ ಚುಚ್ಚಿಕೊಟ್ಟು, ಅದರಿಂದಲೇ ರಕ್ತ ತುಂಬಿಕೊಳ್ಳುತ್ತದೆಂದು ತೋರಿಸಿದರೂ ಅನುಮಾನ ಅಳಿಯಲಿಲ್ಲ. ಕೊಡುತ್ತಿದ್ದ ಪ್ರಮಾಣ ಇಳಿಯಿತು, ಗುಣವೂ ಇಳಿಯಿತು. 1932ರಲ್ಲಿ ಅಮೆರಿಕದ ಹೀತ್, ಸ್ಟ್ರಾಸ್ ಮತ್ತು ಕ್ಯಾಸಲ್ ಎಂಬವರು, ಚುಚ್ಚಿ ಕೊಟ್ಟ ಕಬ್ಬಿಣ ಹೆಚ್ಚುಕಡಿಮೆ ಪೂರ್ತಿಯಾಗಿ ಹಿಮೋಗ್ಲೋಬಿನ್ ಆಗುವುದನ್ನು ಅಳೆದು ತೋರಿಸಿದ ಮೇಲೆ ವಾದ ತಣ್ಣಗಾಯಿತು. ಕೈಗೆ ಸಿಕ್ಕಿದ್ದ ಮದ್ದನ್ನು ಪಂಡಿತರ ಜಗಳದಲ್ಲಿ ಅರ್ಧ ಶತಮಾನ ಕಳೆದುಕೊಂಡಂತಾಯಿತು. ಅದರ ಬೆಲೆ ತೆತ್ತವರು ಹೆಂಗಸರು.

ಅದೇ ವರ್ಷಗಳಲ್ಲಿ ಮುಂಬಯಿಯಲ್ಲಿ ಇನ್ನೊಂದು ಹುಡುಕಾಟ ನಡೆದಿತ್ತು. ಹೆರಿಗೆಯಲ್ಲಿ ತಾಯಂದಿರು ಸಾಯುವುದೇಕೆಂಬ ವಿಚಾರಣೆಯಲ್ಲಿ ತೊಡಗಿದ್ದ ಡಾ. ಮಾರ್ಗರೆಟ್ ಬಾಲ್ಫೋರ್ ಅವರ ಕರೆಯ ಮೇರೆಗೆ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಲೂಸಿ ವಿಲ್ಸ್ 1928ರಲ್ಲಿ ಮುಂಬಯಿಗೆ ಬಂದರು. 1888ರಲ್ಲಿ ಹುಟ್ಟಿದ ಅವರಿಗೆ ಆಗ ನಲವತ್ತು. ಪರೇಲಿನ ಹಾಫ್‌ಕಿನ್ ಸಂಸ್ಥೆಯೇ ಅವರ ಕೆಲಸದ ನೆಲೆ. ಬಟ್ಟೆ ಗಿರಣಿಗಳ ಬಡ ಕುಟುಂಬಗಳ ಬಸುರಿಯರಲ್ಲಿ, ಅದೂ ದಿನ ತುಂಬುತ್ತಾ ಬಂದಂತೆ, ಭೀಕರ ರಕ್ತಹೀನತೆ ಕಾಣಿಸಿಕೊಳ್ಳುತ್ತಿತ್ತು. ಹಲವರು ಹೆರಿಗೆಗೆ ಮುಂಚೆಯೇ ಅಥವಾ ಹೆತ್ತ ಕೂಡಲೇ ತೀರಿಕೊಳ್ಳುತ್ತಿದ್ದರು. ಸೂಕ್ಷ್ಮದರ್ಶಕದಡಿ ನೋಡಿದರೆ ರಕ್ತಕಣಗಳು ಊದಿಕೊಂಡು ದೊಡ್ಡದಾಗಿದ್ದವು. ಕಬ್ಬಿಣದ ಕೊರತೆಯಲ್ಲಿ ಕಣಗಳು ಕುಗ್ಗಿ ಬಿಳುಚುತ್ತವೆ. ಇದು ಬೇರೆಯದೇ ಕಾಯಿಲೆಯಾಗಿತ್ತು, ಇದಕ್ಕೆ ಕಬ್ಬಿಣ ಸಾಲದಾಗಿತ್ತು.

ಯಾವುದೋ ಸೋಂಕು ಇದಕ್ಕೆ ಕಾರಣವಿರಬೇಕೆಂಬ ಊಹೆ ಆಗ ಪ್ರಬಲವಾಗಿತ್ತು. ವಿಲ್ಸ್ ಅದನ್ನು ಪರೀಕ್ಷಿಸಿ ಬದಿಗಿಟ್ಟರು, ಅಡುಗೆಮನೆಯ ಕಡೆ ತಿರುಗಿದರು. ಮೆಹ್ತಾ, ತಲ್ಪಡೆ ಎಂಬ ಭಾರತೀಯ ಸಹೋದ್ಯೋಗಿಗಳೊಡನೆ ಮನೆಮನೆಯ ಊಟದ ವಿವರ ಬರೆದುಕೊಂಡರು. ಹಣ್ಣು, ಸೊಪ್ಪು, ಹಾಲು, ಮಾಂಸ ಕಾಣದ ತಟ್ಟೆಗಳಿದ್ದ ಕಡೆಯೇ ಕಾಯಿಲೆ ಹೆಚ್ಚು. ಅಂಥದೇ ಆಹಾರವನ್ನು ಇಲಿಗಳಿಗೂ ಕೋತಿಗಳಿಗೂ ಉಣಿಸಿ ನೋಡಿದರು. ಯಕೃತ್ತಿನ ಸಾರ ಕೊಟ್ಟರೆ ಗುಣವಾಗುತ್ತಿತ್ತು, ಆದರೆ ಅದು ದುಬಾರಿ. ಅಗ್ಗದ ದಾರಿ ಸಿಕ್ಕಿದ್ದು ಮಾರ್ಮೈಟ್‌ನಲ್ಲಿ. ಬಿಯರ್ ತಯಾರಿಕೆಯಲ್ಲಿ ಉಳಿಯುವ ಈಸ್ಟ್‌ನಿಂದ ಮಾಡಿದ, ಇಂಗ್ಲೆಂಡಿನವರು ಬ್ರೆಡ್ಡಿಗೆ ಸವರಿ ತಿನ್ನುವ ಕಪ್ಪನೆಯ ಉಪ್ಪುಪ್ಪು ಸಾರ ಅದು. ಅದನ್ನು ಕೊಟ್ಟ ಕೆಲವೇ ದಿನಗಳಲ್ಲಿ ಹೊಸ ರಕ್ತಕಣಗಳು ಕಾಣಿಸಿಕೊಂಡವು, ಹಾಸಿಗೆ ಹಿಡಿದಿದ್ದ ಬಸುರಿಯರು ಎದ್ದು ಕುಳಿತರು. ಈ ಫಲಿತಾಂಶ 1931ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಅಚ್ಚಾಯಿತು.

ಆ ಸಾರದೊಳಗಿನ ಗುಣಕಾರಿ ವಸ್ತು ಯಾವುದೆಂದು ಆಗ ತಿಳಿದಿರಲಿಲ್ಲ. ಅದನ್ನು 'ವಿಲ್ಸ್ ಅಂಶ' ಎಂದೇ ಕರೆದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಹೆಸರಿಟ್ಟದ್ದು ಈ ಬಗೆಯ ವಸ್ತುವಿಗೇ. 1945ರ ಹೊತ್ತಿಗೆ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಲೆಡರ್ಲೆ ಕಂಪನಿಯ ತಂಡದ ಹಿಂದಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮುಂಬಯಿಯ ಬಸುರಿಯರ ರೋಗದಿಂದ ಹೊರಟ ಪ್ರಶ್ನೆಗೆ ಉತ್ತರ ಒದಗಿಸಿದವರಲ್ಲಿ ಒಬ್ಬ ಭಾರತೀಯ ಇದ್ದರೆಂಬುದನ್ನು ನಮ್ಮ ಶಾಲೆಯ ಪುಸ್ತಕಗಳು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. ವಿಲ್ಸ್ ಕಬ್ಬಿಣವನ್ನೂ ಮರೆಯಲಿಲ್ಲ. ಎರಡನೇ ಮಹಾಯುದ್ಧದ ಪಡಿತರದ ದಿನಗಳಲ್ಲಿ, ಬಸುರಿಯರೆಲ್ಲರಿಗೂ ಕಬ್ಬಿಣ ಕೊಟ್ಟರೆ ಹಿಮೋಗ್ಲೋಬಿನ್ ಏನಾಗುತ್ತದೆಂದು ಅವರು ಇಂಗ್ಲೆಂಡಿನಲ್ಲಿ ಪರೀಕ್ಷೆ ನಡೆಸಿದರು. 1964ರಲ್ಲಿ ತೀರಿಕೊಂಡರು.

ಭಾರತ ಸರ್ಕಾರ 1970ರಲ್ಲಿ ರಕ್ತಹೀನತೆ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ ಈ ಎರಡು ಇತಿಹಾಸಗಳೂ ಒಂದೇ ಗುಳಿಗೆಯಲ್ಲಿ ಸೇರಿದವು: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ಬಸುರಿಗೆ ನೂರು ದಿನ. ಮುಂದೆ ಕಬ್ಬಿಣವನ್ನು 100 ಮಿಲಿಗ್ರಾಂಗೆ ಏರಿಸಿದರು. 1989ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೌಲ್ಯಮಾಪನ ಹೊರಬಂದಾಗ ಕಂಡದ್ದು ಎದೆಗುಂದಿಸುವ ಚಿತ್ರ. ಪರೀಕ್ಷಿಸಿದ ಗರ್ಭಿಣಿಯರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಆಗಲೂ ರಕ್ತಹೀನರೇ ಆಗಿದ್ದರು.

ಗುಳಿಗೆ ಹಂಚಿದ್ದಕ್ಕೆ ಲೆಕ್ಕವಿತ್ತು, ನುಂಗಿದ್ದಕ್ಕೆ ಇರಲಿಲ್ಲ. ಎಷ್ಟೋ ಕಡೆ ದಾಸ್ತಾನೇ ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ತಲುಪಿದಲ್ಲಿ ವಾಕರಿಕೆ, ಮಲಬದ್ಧತೆ, ಕಪ್ಪಗಾಗುವ ಮಲ ಕಂಡು ಹೆಂಗಸರು ಹೆದರಿದರು. ಗುಳಿಗೆ ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಮನೆಯ ಹಿರಿಯರು ತಡೆದರು. ಹೆರಿಗೆಯಲ್ಲಿ ಹೆಣ್ಣುಮಕ್ಕಳು ಸಾಯುವುದನ್ನು ಕಣ್ಣಾರೆ ಕಂಡ ಅಜ್ಜಿಯರ ಭಯ ಅದು, ಅದನ್ನು ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ. ಕುಳಿತು ವಿವರಿಸುವವರು ಆಗ ಕಡಿಮೆ ಇದ್ದರು. ಊಟದ ಜೊತೆಗೇ ಕುಡಿಯುವ ಚಹಾ ಕಬ್ಬಿಣವನ್ನು ಕರುಳಲ್ಲೇ ಕಟ್ಟಿಹಾಕುತ್ತದೆ, ಬರಿಗಾಲಿನ ದುಡಿಮೆಯಲ್ಲಿ ಮೈಸೇರುವ ಕೊಕ್ಕೆಹುಳು ಇದ್ದ ರಕ್ತವನ್ನೂ ಹೀರುತ್ತದೆ. ಒಲೆಯ ಮಣ್ಣು, ಹಸಿ ಅಕ್ಕಿ ತಿನ್ನಬೇಕೆಂಬ ಆಸೆಯನ್ನು ಬರೀ ಬಸುರಿ ಬಯಕೆಯೆಂದು ನಕ್ಕು ಬಿಟ್ಟ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಎಷ್ಟೋ ಸಲ ಅದು ಕಬ್ಬಿಣ ತೀರಿಹೋದ ಮೈಯ ಲಕ್ಷಣ.

ಈ ಅನುಭವದಿಂದ ಕರ್ನಾಟಕ ಕಲಿತದ್ದು ಮಾತೃಪೂರ್ಣ ಯೋಜನೆಯಲ್ಲಿ ಕಾಣುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯವ್ಯಾಪಿಯಾದ ಈ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಉಂಡ ಮೇಲೆ ಕಾರ್ಯಕರ್ತೆಯ ಕಣ್ಣೆದುರೇ ಕಬ್ಬಿಣದ ಗುಳಿಗೆ. ಗುಡ್ಡಗಾಡಿನಲ್ಲಿ ತುಂಬಿದ ಬಸುರಿ ದಿನವೂ ಅಂಗನವಾಡಿಯವರೆಗೆ ನಡೆದು ಬರುವುದು ಕಷ್ಟವಾಯಿತೆಂಬ ದೂರು ನಿಜ. ಆದರೂ ಗುಳಿಗೆಯನ್ನು ಊಟಕ್ಕೆ ಜೋಡಿಸಿದ ಆಲೋಚನೆ ಸರಿಯಾದದ್ದೇ. 2018ರ 'ಅನೀಮಿಯಾ ಮುಕ್ತ ಭಾರತ' ಕಬ್ಬಿಣವನ್ನು ಮತ್ತೆ 60 ಮಿಲಿಗ್ರಾಂಗೆ ಇಳಿಸಿತು. ನಾಲ್ಕನೇ ತಿಂಗಳಿಂದ ಬಸುರಿನಲ್ಲಿ 180 ದಿನ, ಹೆತ್ತ ಮೇಲೆ ಇನ್ನೂ 180 ದಿನ ಎಂದು ಗೊತ್ತುಮಾಡಿತು.

ತಡವಾಗಿ ಗೊತ್ತಾದವರ ಪಾಡು ಬೇರೆ. ಏಳೆಂಟನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8 ಗ್ರಾಂ ಎಂದು ತಿಳಿದರೆ, ಗುಳಿಗೆಯಿಂದ ಅದನ್ನು 11ರ ಗಡಿ ದಾಟಿಸಲು ದಿನಗಳೇ ಉಳಿದಿರುವುದಿಲ್ಲ. 1950ರ ದಶಕದಲ್ಲಿ ಬಂದ ಐರನ್ ಡೆಕ್ಸ್‌ಟ್ರಾನ್ ಚುಚ್ಚುಮದ್ದು ಈ ಸಂಕಟಕ್ಕೆ ಪರಿಹಾರವಾಗಿತ್ತಾದರೂ, ಅಪರೂಪಕ್ಕೆ ಜೀವಕ್ಕೇ ಅಪಾಯವಾಗುವ ಅಲರ್ಜಿ ಅದರ ಬೆನ್ನಿಗಿತ್ತು. ಈಗ ಆಸ್ಪತ್ರೆಗಳಲ್ಲಿ ಸಿಗುವ ಐರನ್ ಸುಕ್ರೋಸ್ ಹೆಚ್ಚು ಸುರಕ್ಷಿತ, ಆದರೆ ಹಲವು ಸಲ ಹೋಗಿ ಹಾಕಿಸಿಕೊಳ್ಳಬೇಕು. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಆದರೆ 1000 ಮಿಲಿಗ್ರಾಂವರೆಗೆ ಒಂದೇ ಸಲಕ್ಕೆ, ಕಾಲು ಗಂಟೆಯಲ್ಲಿ ರಕ್ತನಾಳಕ್ಕೆ ಇಳಿಯುತ್ತದೆ. ಕೂಲಿ ಬಿಟ್ಟು ಬರುವ ಹೆಂಗಸಿಗೆ ಈ ವ್ಯತ್ಯಾಸ ಸಣ್ಣದಲ್ಲ. ಒಂದೇ ಸಲದ ಇಂಥ ಮದ್ದನ್ನು ಗುಳಿಗೆಯೊಂದಿಗೆ ಹೋಲಿಸಿ ನೋಡಲು 2021ರಲ್ಲಿ ಶುರುವಾದ 'ರ‍್ಯಾಪಿಡ್ ಐರನ್' ಅಧ್ಯಯನಕ್ಕೆ ಕರ್ನಾಟಕ ಮತ್ತು ರಾಜಸ್ಥಾನದ ನಾಲ್ಕು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಳ್ಳಲಾಯಿತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಅದರಲ್ಲಿ ಮುಖ್ಯ ಪಾಲುದಾರ.

ಇಷ್ಟೆಲ್ಲ ಆದ ಮೇಲೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರ ಪೈಕಿ ಶೇ. 52.2 ಮಂದಿ ರಕ್ತಹೀನರು. ನೂರು ದಿನವಾದರೂ ಗುಳಿಗೆ ತೆಗೆದುಕೊಂಡ ತಾಯಂದಿರು ಶೇ. 44.1, ನಿಗದಿಯಾದ 180 ದಿನವೂ ತೆಗೆದುಕೊಂಡವರು ಶೇ. 26. ಮನೆಯಲ್ಲಿ ಬಸುರಿ ಇದ್ದರೆ ಸೀಮಂತದ ಸೀರೆ ಆರಿಸುವ ಮುಂಚೆ ಅವಳ ಹಿಮೋಗ್ಲೋಬಿನ್ ಎಷ್ಟಿದೆಯೆಂದು ಕೇಳಿ. ಕಡಿಮೆಯಿದ್ದರೆ ಅವಳ ಜೊತೆಗೆ ನೀವೇ ಆಸ್ಪತ್ರೆಗೆ ಹೋಗಿ, ಗುಳಿಗೆ ಸಾಕೇ, ರಕ್ತನಾಳದ ಮೂಲಕ ಕಬ್ಬಿಣ ಬೇಕೇ ಎಂದು ವೈದ್ಯರನ್ನು ಬಾಯಿಬಿಟ್ಟು ಕೇಳಿ.